ತೆಗೆದಿಡು

ನನ್ನಮ್ಮ, ಆಯಿ, ಹಾಸಿಗೆ ಹಿಡಿದ ಮೇಲೆ ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ, ಶಿರಸಿಯ ಬಾಡಿಗೆ ಮನೆಯಲ್ಲಿ ಅವಳ ಮಂಚದ ಪಕ್ಕವೇ ಕೂತಿರುತ್ತಿದ್ದೆ. ಸುಮ್ಮನೆ ಕೂತರೆ ತಲೆ ಕೆಡುವ ಸ್ವಭಾವ ನನ್ನದು. ಹಾಗಾಗಿ ಫೋನಿನಲ್ಲಿ ಸ್ಪ್ಯಾನಿಷ್ ಕಲಿಯತೊಡಗಿದೆ.

ಒಂದು ದಿನ ಕಾಪಾಡಿ ಇಡುವುದಕ್ಕೆ ಅವರ ಕ್ರಿಯಾಪದ ಸಿಕ್ಕಿತು: ಕೊನ್ಸೆರ್ಬಾರ್. ಕೆದಕುತ್ತ ಹೋದೆ. ಇಟಲಿಯವರದು ಕೊನ್ಸೆರ್ವಾರೆ, ಫ್ರೆಂಚರದು ಕೊಂಸೆರ್ವೆ, ಎಲ್ಲಕ್ಕೂ ಲ್ಯಾಟಿನ್ನಿನ ಒಂದೇ ಬೇರು. ಹಣ್ಣು ಕೆಡದಂತೆ ಇಡುವುದಕ್ಕೂ ಅದೇ ಮಾತು, ವಯಸ್ಸಾದರೂ ಗಟ್ಟಿಯಾಗಿರುವವರನ್ನು ಹೊಗಳುವುದಕ್ಕೂ ಅದೇ. ಆಯಿಗೆ ಹೇಳಿದೆ.

"ಹಂಗಾರೆ ಆನು ಉಪ್ಪಲ್ಲಿ ಹಾಕಿಟ್ಟ ಮಿಡಿಯನೇ?" ಎಂದು ನಕ್ಕಳು.

ಅಡುಗೆಮನೆಯಲ್ಲಿ ಅಂಥದೊಂದು ಭರಣಿ ಇತ್ತು. ಭೈರುಂಬೆಯಿಂದ ತರಿಸಿದ ಮಾವಿನ ಮಿಡಿಗಳನ್ನು ಅವಳೇ ಒಂದೊಂದಾಗಿ ಆರಿಸಿ, ಉಪ್ಪಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ್ದಳು. ಅವಳು ನಿಂತು ಮಾಡಿದ ಕೊನೆಯ ಕೆಲಸ ಅದು.

ಬರಬರುತ್ತ ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ಎರಡು ಚಮಚ ಗಂಜಿ ಕುಡಿದು ಮುಖ ತಿರುಗಿಸಿದಳು. "ಕೂಸೇ, ಆ ಮಿಡಿ ತೆಗೆದಿಡೇ."

"ತೆಗೆದಿಡ್ತೆ ಆಯಿ" ಎಂದೆ. ಯಾರೂ ಮುಟ್ಟದಂತೆ ಜೋಪಾನ ಮಾಡು ಅನ್ನುತ್ತಿದ್ದಾಳೆ ಎಂದುಕೊಂಡೆ. ಭರಣಿ ಒರೆಸಿ, ಮೇಲೊಂದು ಬಟ್ಟೆ ಬಿಗಿದು, ಅಟ್ಟದ ಮೇಲಿಟ್ಟು ಬಂದೆ. ಅವಳು ಗಂಜಿಯ ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು. ಮರುದಿನವೂ ಅದನ್ನೇ ಹೇಳಿದಳು. "ಆಗ್ಲೇ ತೆಗೆದಿಟ್ಟಾತು ಮಾರಾಯ್ತಿ" ಎಂದು ಸ್ವಲ್ಪ ರೇಗಿಯೇ ಹೇಳಿದೆ. ಆಮೇಲೆ ಅವಳು ಕೇಳಲಿಲ್ಲ.

ಅವಳು ಹೋದ ಮೇಲೆ ಸಿದ್ದಾಪುರದಿಂದ ಬಂದಿದ್ದ ಚಿಕ್ಕಮ್ಮ, ಆಯಿಯ ತಂಗಿ, ಮಾತಿನ ನಡುವೆ ಕೇಳಿದಳು: "ಅಕ್ಕ ಕಡೆಗಾದ್ರೂ ಒಂದು ಮಿಡಿ ತಿಂದಿತ್ತನೇ? 'ಗಂಜಿ ಸಪ್ಪೆ, ಕೂಸಿನ ಹತ್ರ ಮಿಡಿ ತೆಗೆದಿಡು ಅಂದಿದ್ದೆ' ಹೇಳಿ ಫೋನಲ್ಲಿ ಹೇಳಿತ್ತು."

ತೆಗೆದಿಡು ಎಂದರೆ ಎತ್ತಿಡು ಎಂದೂ ಆಗುತ್ತದೆ, ಹೊರಗೆ ತೆಗೆದು ಬಡಿಸು ಎಂದೂ ಆಗುತ್ತದೆ. ಕಂಡಿಲ್ಲದ ಊರಿನ ಪದದ ಬೇರು ಹುಡುಕುತ್ತ ಕೂತ ನನಗೆ ಹೆತ್ತವಳ ಬಾಯಿ ಸಪ್ಪೆಯಾಗಿದ್ದು ತಿಳಿಯಲಿಲ್ಲ. ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಚಿಕ್ಕಮ್ಮ ಊರಿಗೆ ಹೋದ ದಿನ ಭರಣಿ ಇಳಿಸಿ ಬಟ್ಟೆ ಬಿಚ್ಚಿದೆ. ಒಂದು ಮಿಡಿಯೂ ಕೆಟ್ಟಿರಲಿಲ್ಲ.