ಮಸ್ಕಿ ದಾಟುವಾಗ ಬಂದ ಒಡಪು

ಹೋದ ವಾರ ಅಕ್ಕನ ಮಗಳು ಸವಿತಾ ಲಿಂಗಸುಗೂರಿನಿಂದ ಫೋನ್ ಮಾಡಿ ನನಗೊಂದು ಆರ್ಡರ್ ಕೊಟ್ಟಳು. ಸೀರೆಯಲ್ಲ, ಹೋಳಿಗೆಯಲ್ಲ. ಒಡಪು!

"ಚಿಗವ್ವ, ಐತ್ವಾರ ನನ್ನ ಕುಬಸ ಐತಿ. ಎಲ್ಲಾರೂ ಗಂಡನ ಹೆಸರು ಕೇಳ್ತಾರ. ನೀ ಪೇಪರ್‌ದಾಗ ಬರೀತಿಯಲ್ಲ, ನನಗೊಂದು ಹೊಸಾ ಒಡಪು ಕಟ್ಟಿ ಕೊಡು. ಯೂಟ್ಯೂಬ್‌ದಾಗಿಂದು ಬ್ಯಾಡ. ನಮ್ಮ ನಾದಿನಿಗೆ ಅವೆಲ್ಲ ಬಾಯಿಪಾಠ ಅದಾವ."

(ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಐತ್ವಾರ ಎಂದರೆ ಭಾನುವಾರ, ಕುಬಸ ಎಂದರೆ ಸೀಮಂತ. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಎರಡು ಮೂರು ಸಾಲು ಕಟ್ಟಿ, ಕೊನೆಗೆ ಪ್ರಾಸಕ್ಕೆ ಕೂರುವಂತೆ ಹೆಸರು ಸೇರಿಸುತ್ತಾರೆ. ಅದೇ ಒಡಪು.)

ಕೇಳಲು ತಮಾಷೆ. ಆದರೆ ಸವಿತಾಳಿಗೆ ತಮಾಷೆಯಾಗಿರಲಿಲ್ಲ. ಮದುವೆಯಾಗಿ ಗಂಡನ ಮನೆ ತುಂಬುವ ದಿನ ನಾದಿನಿ ಶಿಲ್ಪಾ ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳಿ ಒಳಗ ಬಾ" ಅಂದಿದ್ದಳು. ಕಲಿತುಕೊಂಡು ಹೋಗಿದ್ದ ಒಡಪು ಅಷ್ಟು ಮಂದಿಯ ಎದುರು ಮರೆತೇಹೋಯಿತು. ಇವಳು ಗಾಬರಿಯಲ್ಲಿ "ವೀರೇಶ" ಎಂದು ಕ್ಲಾಸಿನಲ್ಲಿ ಹಾಜರಿ ಕೂಗಿದಂತೆ ಕೂಗಿಬಿಟ್ಟಳು. ಮನೆ ತುಂಬ ನಗು.

ಅಂದಿನಿಂದ ಆ ಮನೆಯಲ್ಲಿ ಇವಳು ಬಾಯಿ ತೆರೆದರೆ ಸಾಕು, "ನೀ ಸುಮ್ನಿರವಾ, ನಿನಗ ಮಾತು ಬರಂಗಿಲ್ಲ" ಎಂಬ ಚೇಷ್ಟೆ. ಕೆಟ್ಟ ಮನಸ್ಸಿನದ್ದಲ್ಲ, ಒಪ್ಪೋಣ. ಆದರೆ ದಿನಾ ಕೇಳಿಸಿಕೊಳ್ಳುವವಳ ಗತಿ? ಕಾಲೇಜಿನಲ್ಲಿ ಭಾಷಣಕ್ಕೆ ಬಹುಮಾನ ತಂದ ಹುಡುಗಿ ಈಗ ನಾಲ್ಕು ಜನ ಸೇರಿದರೆ ಅಡುಗೆಮನೆ ಹೊಕ್ಕುಬಿಡುತ್ತಾಳೆ ಎಂದು ನಮ್ಮ ಅಕ್ಕ ಕಣ್ಣೀರು ಹಾಕಿದ್ದಳು. ಕುಬಸದಲ್ಲೂ ಬಾಯಿ ಕಟ್ಟಿದರೆ ಮಾತು ಬಾರದವಳು ಎಂಬ ಹೆಸರು ಅವಳಿಗೆ ಖಾಯಂ.

ಒಪ್ಪಿಕೊಂಡೆ. ವಾರವಾರ ಅಂಕಣ ಬರೆಯುವವಳಿಗೆ ಮೂರು ಸಾಲು ಯಾವ ಲೆಕ್ಕ?

ಕುಳಿತೆ. ವೀರೇಶ. ಪ್ರಾಸಕ್ಕೆ ಏನಿದೆ? ಆಕಾಶ, ಸಂದೇಶ, ದೇಶ. ಏನು ಬರೆದರೂ ಬಸ್‌ಸ್ಟ್ಯಾಂಡಿನ ಬ್ಯಾನರ್ ಓದಿದ ಹಾಗೆ. ಹರಿದು ಹಾಕಿದೆ. ಮತ್ತೆ ಬರೆದೆ. ಮತ್ತೆ ಹರಿದೆ.

ಅದರ ನಡುವೆ ನಮ್ಮನೆಯವರ ಟಿವಿ ಬೇರೆ. ಓಣಿಗೆಲ್ಲ ಕೇಳುವಷ್ಟು ಸೌಂಡ್. "ಸಣ್ಣಗ ಮಾಡ್ರಿ" ಎಂದು ಒಳಗಿನಿಂದಲೇ ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಊಹೂಂ. ರಿಟೈರ್ ಆದ ಮೇಲೆ ನನ್ನ ಮಾತಿಗೆ ಓಗೊಡುವುದನ್ನೇ ಬಿಟ್ಟಿದ್ದಾರೆ ಮಹಾಶಯರು. ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಟಿವಿ ಆಫ್ ಮಾಡಿದೆ. ಅವರು ಮುಖ ಊದಿಸಿಕೊಂಡರು. ನಾನೂ ಊದಿಸಿಕೊಂಡೆ. (ಓದುಗರಲ್ಲಿ ಸಂಸಾರಸ್ಥರಿಗೆ ಹೆಚ್ಚು ವಿವರಿಸಬೇಕಿಲ್ಲ.)

ಶನಿವಾರದವರೆಗೂ ಒಂದು ಸಾಲೂ ಹುಟ್ಟಲಿಲ್ಲ. ಆದರೂ ನಾನು ಪೂರ್ತಿ ಧೈರ್ಯ ಬಿಟ್ಟಿರಲಿಲ್ಲ. ಯಾಕೆಂದರೆ ಒಳಮನಸ್ಸಿನ ಮೇಲೆ ನನಗೆ ಭರವಸೆ. ಈ ಅಂಕಣದ ಎಷ್ಟೋ ವಿಷಯಗಳು ಮೇಜಿನ ಮುಂದೆ ಹೊಳೆದದ್ದಲ್ಲ. ರೊಟ್ಟಿ ಬಡಿಯುವಾಗ, ಪಾತ್ರೆ ತೊಳೆಯುವಾಗ ತಾವಾಗಿಯೇ ಬಂದದ್ದು. ನಿಮಗೂ ಹಾಗಾಗಿಲ್ಲವೇ? ಇಡೀ ದಿನ ತಡಕಾಡಿದರೂ ನೆನಪಾಗದ ಹೆಸರು ಸ್ನಾನ ಮಾಡುವಾಗ ಟಪ್ಪನೆ ಬರುವುದಿಲ್ಲವೇ? ಮೇಲಿನ ಮನಸ್ಸು ಕೈಬಿಟ್ಟ ಕೆಲಸವನ್ನು ಒಳಗಿನದು ಸದ್ದಿಲ್ಲದೆ ಮುಂದುವರಿಸುತ್ತಿರುತ್ತದೆ. ನಾವು ಮಾಡಬೇಕಾದ್ದು ಒಂದೇ, ಸುಮ್ಮನಿರುವುದು. ಹಾಲಿಗೆ ಹೆಪ್ಪು ಹಾಕಿ ಮೇಲಿಂದ ಮೇಲೆ ಮುಚ್ಚಳ ತೆಗೆದು ನೋಡಿದರೆ ಮೊಸರಾಗುತ್ತದೆಯೇ?

ಭಾನುವಾರ ಬೆಳಿಗ್ಗೆ ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ ಹತ್ತಿದೆ. ತೊಡೆಯ ಮೇಲೆ ಕರ್ಚಿಕಾಯಿ ಡಬ್ಬಿ. ಕಿಟಕಿಯಾಚೆ ಗೊರೇಬಾಳದ ಭತ್ತದ ಗದ್ದೆ. ಒಡಪಿನ ಆಸೆ ಬಿಟ್ಟು ಕಣ್ಣು ಮುಚ್ಚಿದೆ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಎಚ್ಚರವಾಯಿತು. ಬಸ್ ಊರು ದಾಟುತ್ತಿದ್ದಂತೆ ಆ ಅರೆನಿದ್ದೆಯಲ್ಲಿ ಇಡೀ ಒಡಪು ಬಂದೇಬಿಟ್ಟಿತು. ಯಾರೋ ಕಿವಿಯಲ್ಲಿ ಹೇಳಿದ ಹಾಗೆ:

ಕಾಲುವಿಗೆ ನೀರು ಬಂದರ ಗದ್ದಿಗೊಂದು ಗತಿ,
ಕರೆದಾಗ ಓ ಅಂದರ ಮನಿಗೊಂದು ಜ್ಯೋತಿ,
ಎಷ್ಟು ಕರೆದರೂ ತಿರುಗಿ ನೋಡವಲ್ರು ನಮ್ಮ ಹ್ಞೂಂಹ್ಞೂಂಹ್ಞೂಂ.

ಗಂಡನ ಮೇಲೆ ಚಾಡಿ ಹೇಳುವ ಒಡಪು! ಹೆಂಗಸರ ಗುಂಪಿನಲ್ಲಿ ಇದಕ್ಕೆ ಚಪ್ಪಾಳೆ ಗ್ಯಾರಂಟಿ. ಮರೆಯಬಾರದೆಂದು ಲಿಂಗಸುಗೂರಿನವರೆಗೂ ತುಟಿಯೊಳಗೇ ಹೇಳಿಕೊಳ್ಳುತ್ತ ಹೋದೆ. ಪಕ್ಕದ ಸೀಟಿನ ಹೆಂಗಸು ಒಂದೆರಡು ಸಲ ನನ್ನನ್ನು ತಿರುಗಿ ನೋಡಿ ಆಚೆ ಸರಿದು ಕುಳಿತಳು.

ಸವಿತಾಳನ್ನು ಒಳಕೋಣೆಗೆ ಕರೆದು ಬಾಗಿಲು ಮುಂದಕ್ಕೆಳೆದೆ. ಹಸಿರು ಸೀರೆ, ಮೊಣಕೈವರೆಗೆ ಬಳೆ. ಒಡಪು ಹೇಳಿಕೊಟ್ಟೆ. ಅವಳು ಮೊದಲ ಎರಡು ಸಾಲು ಸರಿಯಾಗಿ ಹೇಳಿ ಮೂರನೆಯದಕ್ಕೆ ನಿಂತಳು.

"ಚಿಗವ್ವ, ಗತಿ, ಜ್ಯೋತಿ, ವೀರೇಶ. ಹೆಂಗ ಕೂಡ್ತದ ಇದು?"

ನಾನು ಕಕ್ಕಾಬಿಕ್ಕಿ. ನಿಜವೇ, ಕೂಡುವುದಿಲ್ಲ. ಹಾಗಾದರೆ ದಾರಿಯುದ್ದಕ್ಕೂ ನಾನು ಅಷ್ಟು ಸಲ ಹೇಳಿಕೊಂಡಾಗ ಗೊತ್ತಾಗಲಿಲ್ಲ ಯಾಕೆ? ಯಾಕೆಂದರೆ ಹೆಸರಿನ ಜಾಗ ಬಂದಾಗಲೆಲ್ಲ ನಾನು ಹೆಸರು ಹೇಳಿಯೇ ಇರಲಿಲ್ಲ. ಗಂಡನ ಹೆಸರಿನ ಹತ್ತಿರ ಬಂದರೆ ತಾನಾಗಿಯೇ ನಿಲ್ಲುವ ನಾಲಿಗೆ ನನ್ನದು. ಬರೀ ಹ್ಞೂಂಹ್ಞೂಂ ಎಂದು ದಾಟಿಸಿಕೊಂಡು ಬಂದಿದ್ದೆ.

"ಮತ್ತ ಇವರದು ಬಟ್ಟಿ ಅಂಗಡಿ, ಗದ್ದಿ ಎಲ್ಲೈತಿ? ನಮ್ಮವರು ಒಂದು ಸಲ ಕರೆದ್ರ ಓಡಿ ಬರ್ತಾರ" ಎಂದ ಸವಿತಾ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು. "ಇದು ನನ್ನ ಒಡಪಲ್ಲ ಚಿಗವ್ವ. ಇದು ಕಾಕಾನ ಒಡಪು."

ನಮ್ಮನೆಯವರ ಹೆಸರು ಪಂಪಾಪತಿ. ಗತಿ, ಜ್ಯೋತಿ, ಪಂಪಾಪತಿ. ನೆಟ್ಟಗೆ ಕೂತಿತು!

ಆರ್ಡರ್ ಕೊಟ್ಟವಳು ಒಬ್ಬಳು, ಮಾಲು ತಯಾರಾದದ್ದು ಇನ್ನೊಬ್ಬರ ಅಳತೆಗೆ. ಒಳಮನಸ್ಸು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾವು ಹೇಳಿದ ಕೆಲಸವನ್ನೇ ಮಾಡುತ್ತದೆಂದು ಯಾರು ಹೇಳಿದರು? ಹೊರಗೆ ಆರತಿ ತಟ್ಟೆ ಸಿದ್ಧವಾಗಿತ್ತು. "ಏನ್ ಮಾಡೂಣು ಈಗ?" ಎಂದೆ. ನನಗೆ ಅಳುವೇ ಬಂದಿತ್ತು. ಅಷ್ಟರಲ್ಲಿ ಅವಳನ್ನು ಕರೆದುಕೊಂಡು ಹೋದರು.

ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಶಿಲ್ಪಾ ಎಲ್ಲರ ಮುಂದೆ ಬಂದು "ಹೆಸರು ಹೇಳ್ಬೇಕು. ಈ ಸಲ ಬರೀ ಹೆಸರು ನಡಿಯಂಗಿಲ್ಲ" ಅಂದಳು. ಅಲ್ಲಲ್ಲಿ ನಗು ಶುರುವಾಯಿತು. ಸವಿತಾ ತಲೆ ತಗ್ಗಿಸಿದಳು. ಆಮೇಲೆ ತಲೆ ಎತ್ತಿ, ಅವಸರವಿಲ್ಲದೆ ಹೇಳಿದಳು:

"ಹೊಸ್ತಿಲ ಮ್ಯಾಲ ನಿಂತಾಗ ನನ್ನ ಬಾಯಿ ಕಟ್ಟಿತ್ತು,
ಸುತ್ತ ನಿಂತ ಮಂದಿಗೆಲ್ಲ ನಗಿ ಹುಟ್ಟಿತ್ತು,
ಅವತ್ತು ನಗದವರು ಒಬ್ಬರ, ನಮ್ಮ ವೀರೇಶ."

ಪ್ರಾಸ ಎಲ್ಲಿ ಕೂಡಿತು ಎಂದು ಯಾರೂ ಕೇಳಲಿಲ್ಲ. ಶಿಲ್ಪಾ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಬಾಗಿಲಲ್ಲಿ ಕುರ್ಚಿ ಹೊತ್ತು ನಿಂತಿದ್ದ ವೀರೇಶ ಕೆಂಪಾಗಿ ಹೊರಗೆ ಹೋದ. ಅತ್ತೆ ಗಂಗಮ್ಮನವರು "ಅವತ್ತ ನಾನೂ ನಕ್ಕಿದ್ನೇನವಾ?" ಅಂದರು. "ಮೊದ್ಲ ನಕ್ಕವರ ನೀವು ಅತ್ತಿ" ಅಂದಳು ಸವಿತಾ. ಆಗ ಎಲ್ಲರೂ ನಕ್ಕರು, ಸವಿತಾಳೂ ನಕ್ಕಳು. ಶಿಲ್ಪಾ ತನ್ನ ಕೈಯ ಕರ್ಚಿಕಾಯಿ ಮುರಿದು ಅವಳ ಬಾಯಿಗಿಟ್ಟಳು. ನನಗಾದ ಖುಷಿಯನ್ನು ಬರೆಯಲು ಬರುವುದಿಲ್ಲ.

"ಯಾವಾಗ ಕಟ್ಟಿದಿ?" ಎಂದು ಆಮೇಲೆ ಕೇಳಿದೆ. "ಕಟ್ಟಿಲ್ಲ ಚಿಗವ್ವ, ಬಾಯಿಗೆ ಬಂತು" ಅಂದಳು. ನಾನು ನಂಬುವುದಿಲ್ಲ. ಮದುವೆಯ ದಿನದಿಂದ ಅವಳೊಳಗೆ ಅದು ಕೆಲಸ ನಡೆಸಿಯೇ ಇತ್ತು. ಅವಳಿಗೆ ತಿಳಿದಿರಲಿಲ್ಲ, ಅಷ್ಟೇ.

ಊಟಕ್ಕೆ ಕೂತಾಗ ಸವಿತಾ ಎಲ್ಲರೆದುರು ನನ್ನ ಗುಟ್ಟು ಬಿಟ್ಟುಕೊಟ್ಟಳು. ಹೆಂಗಸರು ಬಿಡಲಿಲ್ಲ. ನಾನೂ ನನ್ನ ಒಡಪು ಹೇಳಿದೆ, ಹೆಸರು ಸಮೇತ. ಎಲ್ಲರೂ ನಕ್ಕರು. ಗಂಗಮ್ಮನವರು ಮಾತ್ರ ರೊಟ್ಟಿ ಮುರಿಯುತ್ತ ಸಹಜವಾಗಿ ಕೇಳಿದರು, "ಯಾಕ್ರಿ, ಅವರಿಗೆ ಕಿವಿ ಕೇಳಂಗಿಲ್ಲೇನು?"

"ಇಲ್ರಿ, ಹಟ ಅವರದು" ಎನ್ನಲು ಹೋದೆ. ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟೆ. ಅಷ್ಟು ಸೌಂಡಿನ ಟಿವಿ. ಬಾಗಿಲು ಬಡಿದರೂ ಏಳದಿರುವುದು. ಫೋನ್ ಬಂದರೆ ನನ್ನ ಕೈಗೆ ದಾಟಿಸುವುದು. ತಿಂಗಳುಗಟ್ಟಲೆ ನನಗೆ ಕಂಡದ್ದು ಹಟ. ನನ್ನ ಒಳಮನಸ್ಸಿನಲ್ಲಿ ಕೂತಿದ್ದ ಇನ್ನೊಬ್ಬಳು ಬೇರೇನನ್ನೋ ಕಂಡಿದ್ದಳು. ಅದಕ್ಕೇ ಇರಬೇಕು ಅವಳು ಸವಿತಾಳ ಆರ್ಡರ್ ಬದಿಗಿಟ್ಟದ್ದು. ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಹೆದರಿಕೆಯಾಗಿತ್ತು.

ಮನೆಗೆ ಬಂದಾಗ ಅವರು ವರಾಂಡದಲ್ಲಿ ಬಾಗಿಲಿಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದರು. ಚಪ್ಪಲಿ ಬಿಟ್ಟು ಹಿಂದೆಯೇ ನಿಂತೆ. ಜೀವಮಾನದಲ್ಲಿ ಮೊದಲ ಸಲ, ಒಡಪಿಲ್ಲದೆ, ಬರೀ ಹೆಸರು ಹಿಡಿದು ಕರೆದೆ: "ಪಂಪಾಪತಿ."

ಹೆಂಡತಿ ಹೆಸರು ಹಿಡಿದು ಕೂಗಿದರೆ ನಮ್ಮ ಕಡೆ ಎಂಥ ಹಟಮಾರಿ ಗಂಡನೂ ಕೂತಲ್ಲೇ ಹಾರಿ ಬೀಳಬೇಕು. ಇವರು ಪೇಪರಿನ ಪುಟ ತಿರುವಿದರು.