ಹಗುರ ಚಕ್ರದ ಬಿರುಕು

ಮಲ್ಲಂದೂರಿನ ಮೇಲಿನ ಎಸ್ಟೇಟಿಗೆ ನಾನು ಲೆಕ್ಕ ಬರೆಯುವ ರೈಟರ್ ಆಗಿ ಸೇರುವ ಹೊತ್ತಿಗೆ ಭೂತಯ್ಯ ಅಲ್ಲಿ ಹಳಬ. ಇಪ್ಪತ್ತೆರಡು ವರ್ಷ ಒಂದೇ ಜೀಪು ಓಡಿಸಿದವನು. ಅದಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ. ತೋಟದ ಕಲ್ಲುದಾರಿಯಲ್ಲಿ ಚಕ್ರಕ್ಕೆ ಬಿದ್ದ ಪೆಟ್ಟೆಲ್ಲ ಸ್ಟೀರಿಂಗಿನಿಂದ ನೇರ ಅವನ ತೋಳಿಗೆ ಬರುತ್ತಿತ್ತು. ಐವತ್ತು ದಾಟುವ ಮೊದಲೇ ಬಲಭುಜ ಕೈಕೊಟ್ಟಿತು. ಸಂಜೆ ತುತ್ತು ಬಾಯಿಗೆ ತರಲಾಗದೆ ತಟ್ಟೆಯ ಮೇಲೆ ಬಗ್ಗಿ ಉಣ್ಣುತ್ತಿದ್ದ. ಕೇಳಿದರೆ, “ಮಲಗಿದ್ದು ಸರಿಯಾಗ್ಲಿಲ್ಲ ಮಾರಾಯ” ಎನ್ನುತ್ತಿದ್ದ. ಭುಜ ಹೋದ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆ ಅವನಿಗೆ.

2003ರ ಬೇಸಿಗೆಯಲ್ಲಿ ಧಣಿಗಳ ಮಗ ಅಭಿಷೇಕ್ ಆ ಜೀಪಿಗೆ ಹಗುರ ಲೋಹದ ಅಲಾಯ್ ಚಕ್ರ ತಂದ. ಜೀಪ್ ರ‍್ಯಾಲಿಗಳ ಹುಚ್ಚು ಅವನಿಗೆ.

“ಒಂದೊಂದು ಚಕ್ರ ನಾಲ್ಕು ಕೆಜಿ ಹಗುರ, ಭೂತಯ್ಯ. ಓಡ್ಸಿ ನೋಡಿ.”

ಭೂತಯ್ಯ ಒಂದನ್ನು ಎತ್ತಿ ನೋಡಿದ. “ಹಗುರ ಏನೋ ಹೌದು, ಸಣ್ಣ ಗೌಡ್ರೇ. ಕಬ್ಬಿಣದ್ದಾದ್ರೆ ಕಲ್ಲಿಗೆ ಹೊಡೆದು ನೆಗ್ಗಿದ್ರೂ ಸುತ್ತಿಗೇಲಿ ಬಡ್ಕೊಂಡು ಮನೆಗೆ ಬರ್ಬೋದು. ಇದು?”

“ಇದು ನೆಗ್ಗಲ್ಲ. ಜೋರು ಪೆಟ್ಟು ಬಿದ್ರೆ ಬಿರುಕು ಬಿಡ್ಬೋದು. ಹಂಗೇನಾದ್ರೂ ಕಂಡ್ರೆ ತಕ್ಷಣ ಹೇಳಿ, ಹಳೇವೇ ಹಾಕ್ಸೋಣ.”

ಹಳೆಯ ಚಕ್ರಗಳು ಸ್ಟೋರಿಗೆ ಹೋದವು. ಜೀಪು ಬೇರೆಯೇ ಆಯಿತು. ಏರಿನಲ್ಲಿ ಉಸಿರು ಕಟ್ಟಲಿಲ್ಲ, ಕಲ್ಲಿನ ಮೇಲೆ ಕುಪ್ಪಳಿಸುವುದು ಕಡಿಮೆಯಾಯಿತು, ಸ್ಟೀರಿಂಗ್ ಕೈಯನ್ನು ಕಿತ್ತು ಎಳೆಯುವುದು ನಿಂತಿತು. ತಿಂಗಳೊಳಗೆ ಭೂತಯ್ಯ ನೆಟ್ಟಗೆ ಕುಳಿತು ಉಣ್ಣತೊಡಗಿದ. ಕೂಲಿಯವರ ಲೈನ್ ಮನೆಯ ಜಗಲಿಯಲ್ಲಿ ಅವನು ಹಾಡಿಕೊಂಡಿದ್ದನ್ನು ನಾನು ಕೇಳಿದ್ದು ಆ ಮಳೆಗಾಲದಲ್ಲೇ, ಮೊದಲ ಸಲ.

ನವೆಂಬರಿನ ಒಂದು ಬೆಳಿಗ್ಗೆ ಜೀಪು ತೊಳೆಯುವಾಗ ಭೂತಯ್ಯನಿಗೆ ಮುಂದಿನ ಎಡಚಕ್ರದಲ್ಲಿ ಒಂದು ಗೆರೆ ಕಂಡಿತಂತೆ. ನಟ್ಟಿನ ತೂತಿನಿಂದ ಹೊರಟ ಕೂದಲೆಳೆಯಷ್ಟು ಗೆರೆ. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದ, ಹೋಗಲಿಲ್ಲ. ಉಗುರು ಆಡಿಸಿದ, ಉಗುರು ಸಿಕ್ಕಿಕೊಂಡಿತು. ಹೇಳಿದರೆ ನಾಳೆಯೇ ಕಬ್ಬಿಣದ ಚಕ್ರ ಬರುತ್ತದೆ, ಹಿಂದೆಯೇ ಭುಜದ ನೋವೂ ಬರುತ್ತದೆ. ಕಾಫಿ ಹಣ್ಣು ಕುಯ್ಯುವುದು ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡ.

ಡಿಸೆಂಬರ್ ಹತ್ತೊಂಬತ್ತರ ಮಧ್ಯಾಹ್ನ, ತೋಟದ ಮೇಲಿನ ಪಟ್ಟಿಯಿಂದ ಹಣ್ಣಿನ ಮೂಟೆಗಳನ್ನೂ ನಾಲ್ವರು ಹೆಂಗಸರನ್ನೂ ತುಂಬಿಕೊಂಡು ಇಳಿಯುತ್ತಿದ್ದಾಗ, ಎರಡನೇ ತಿರುವಿನಲ್ಲಿ ಆ ಚಕ್ರ ಒಡೆಯಿತು. ಜೀಪು ಎಡಕ್ಕೆ ಕುಸಿದು ಅಂಚು ದಾಟಿ ಕಾಫಿ ಗಿಡಗಳ ಮೇಲೆ ಮಗುಚಿತು. ಮೂವರಿಗೆ ತರಚಿದ ಗಾಯ. ತೋಟದಾಳುಗಳ ಮೇಸ್ತ್ರಿ ಗುರುವಯ್ಯನ ಹೆಂಡತಿ ದ್ಯಾವಮ್ಮ ಮೂಟೆಗಳ ಅಡಿಗೆ ಸಿಕ್ಕಿದ್ದಳು. ನಾವು ಓಡಿಹೋಗಿ ಮೂಟೆ ಎಳೆಯುವಷ್ಟರಲ್ಲಿ ಜೀವ ಹೋಗಿತ್ತು. ಗುರುವಯ್ಯ ಅವಳ ಕೂದಲಲ್ಲಿ ಸಿಕ್ಕಿದ್ದ ಕಾಫಿ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತ ಕೂತ. ಯಾರು ಕರೆದರೂ ಏಳಲಿಲ್ಲ.

ಅಭಿಷೇಕ್ ಪೊಲೀಸರೆದುರು, “ಚಕ್ರ ತಂದಿದ್ದು ನಾನು, ತಪ್ಪು ನಂದೇ” ಎಂದು ಅತ್ತ. ಭೂತಯ್ಯ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಪಕ್ಕದಲ್ಲೇ ನಿಂತಿದ್ದ. ಏನೂ ಹೇಳಲಿಲ್ಲ.

ಹನ್ನೊಂದರ ಕಾರ್ಯ ಕಳೆದ ಮರುದಿನ ಭೂತಯ್ಯ ಗುರುವಯ್ಯನ ಮನೆಗೆ ಹೊರಟ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದ, ಯಾಕೆಂದು ಹೇಳಲಿಲ್ಲ. ಗುರುವಯ್ಯ ಹೊಸ್ತಿಲಲ್ಲಿ ಕೂತಿದ್ದ.

“ಬಿರುಕು ನಾನು ನೋಡಿದ್ದೆ ಗುರುವಯ್ಯ. ತಿಂಗಳ ಮುಂಚೆನೇ. ಭುಜದ ನೋವಿಗೆ ಹೆದ್ರಿ ಸುಮ್ನಿದ್ದೆ.”

ಗುರುವಯ್ಯ ಕೂಗಾಡಲಿಲ್ಲ.

“ಇದನ್ನ ನಂಗ್ಯಾಕೆ ತಂದು ಹೇಳ್ತೀಯ? ದೇವರು ಕರ್ಕೊಂಡ ಅಂತ ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ. ಈಗ ಅದೂ ಇಲ್ದಂಗೆ ಮಾಡ್ದೆ. ಹೋಗು.”

ಭೂತಯ್ಯ ಅಲ್ಲಿಂದ ಬಂಗಲೆಗೆ ಹೋಗಿ ಅಭಿಷೇಕನಿಗೂ ಹೇಳಿದ, ಆಮೇಲೆ ತಾನೇ ಬಸ್ಸು ಹತ್ತಿ ಹೋಗಿ ಪೊಲೀಸರಿಗೂ ಹೇಳಿದ. ಕೋರ್ಟು ಆರು ತಿಂಗಳ ಶಿಕ್ಷೆ ಕೊಟ್ಟಿತು, ಲೈಸೆನ್ಸ್ ಹೋಯಿತು. ಜೈಲಿನಿಂದ ಬಂದವನನ್ನು ಅಭಿಷೇಕ್ ಹೊರಹಾಕಲಿಲ್ಲ, ಕಣದಲ್ಲಿ ಕಾಫಿ ಒಣಗಿಸುವ ಕೆಲಸಕ್ಕೆ ಹಾಕಿದ. ಆದರೆ ತಾನು ಮತ್ತೆಂದೂ ರ‍್ಯಾಲಿಗೆ ಹೋಗಲಿಲ್ಲ.

ಒಮ್ಮೆ ಪಕ್ಕದ ತೋಟದ ಸೋಮಶೇಖರಪ್ಪನವರು, ನಡೆದದ್ದು ಪೂರ್ತಿ ಗೊತ್ತಿಲ್ಲದೆ, ಕಣದ ಅಂಚಿನಲ್ಲಿ ನಿಂತು ಕೇಳಿದರು: “ನಮ್ಮ ಹುಡುಗ್ರೂ ಆ ಹಗುರ ಚಕ್ರ ಬೇಕು ಅಂತವ್ರೆ. ಹಾಕಿದ್ರೆ ಪ್ರಯೋಜನ ಉಂಟೇನೋ ಭೂತಯ್ಯ?”

ನಾನು ಮಾತು ಮರೆಸಲು ನೋಡಿದೆ. ಭೂತಯ್ಯನೇ ಉತ್ತರ ಕೊಟ್ಟ. “ಉಂಟು ಗೌಡ್ರೇ. ಗಾಡಿಗೂ ಸುಖ, ಓಡ್ಸೋನಿಗೂ ಸುಖ. ವಾರಕ್ಕೊಂದ್ಸಲ ತೊಳ್ದು ನೋಡ್ಬೇಕು. ಕಂಡದ್ದನ್ನ ಹೇಳೋ ಡ್ರೈವರ್ ಇರ್ಬೇಕು.” ಹೇಳಿ ಹಣ್ಣು ಕೆದಕತೊಡಗಿದ.

ಆ ಕಣದ ಮೇಸ್ತ್ರಿ ಗುರುವಯ್ಯನೇ. 2009ರಲ್ಲಿ ಅವನು ಕೆಲಸ ಬಿಟ್ಟು ಕಳಸದ ಮಗಳ ಮನೆಗೆ ಹೋಗುವವರೆಗೂ ಇಬ್ಬರೂ ಅಲ್ಲೇ ದುಡಿದರು. ಭೂತಯ್ಯನಿಗೆ ಏನಾದರೂ ಹೇಳಬೇಕಾದರೆ ಗುರುವಯ್ಯ ನನಗೆ ಹೇಳುತ್ತಿದ್ದ. ನಾನು ನಾಲ್ಕು ಹೆಜ್ಜೆ ನಡೆದು ಅದನ್ನೇ ಭೂತಯ್ಯನಿಗೆ ಹೇಳುತ್ತಿದ್ದೆ.