ದಾರ ಕಡಿಯುವ ಹಲ್ಲು

ದರ್ಜಿ ಮಹಾಶಯರ ಅಂಗಡಿಯಲ್ಲಿ ಮೂರು ಕತ್ತರಿಗಳಿದ್ದವು. ಆದರೂ ದಾರ ಕಡಿಯಲು ಮಾತ್ರ ಅವರಿಗೆ ಮೇಲಿನ ಸಾಲಿನ ಮುಂದಿನ ಹಲ್ಲೇ ಆಗಬೇಕು. ಗುಂಡಿ ಹೊಲಿದು, ಬಟ್ಟೆಯನ್ನು ಬಾಯಿಗೆ ತಂದು, ಟಕ್ಕನೆ ಕಡಿದು, ನೂಲಿನ ತುಣುಕನ್ನು ತುಪಕ್ಕನೆ ಉಗಿಯುವುದರಲ್ಲಿ ಅವರದೊಂದು ಗತ್ತು. "ನೀವು ಕತ್ತರಿ ಹುಡುಕೋ ಹೊತ್ತಿಗೆ ನಾನು ಇನ್ನೊಂದು ಗುಂಡಿ ಹಾಕಿರ್ತೀನಿ" ಎಂದು ಮೂವತ್ತು ವರ್ಷಗಳಿಂದ ಕೊಚ್ಚಿಕೊಳ್ಳುತ್ತಿದ್ದರು. ಇಷ್ಟು ದುಡಿಯುವ ಹಲ್ಲಿಗೆ ಅವರು ಮಾಡುತ್ತಿದ್ದ ಸೇವೆಯೆಂದರೆ ಬೆಳಿಗ್ಗೆ ಅರ್ಧ ನಿಮಿಷ ಬ್ರಷ್ ಆಡಿಸುವುದು. ಆ ಬ್ರಷ್ಷೋ, ಎಳೆಗಳೆಲ್ಲ ದಿಕ್ಕಿಗೊಂದಾಗಿ ಕೆದರಿ, ಹೊಲಿಗೆ ಯಂತ್ರದ ಧೂಳು ಒರೆಸಲೂ ನಾಲಾಯಕ್ಕು.

ಹಲ್ಲು ಮೊದಲು ತಣ್ಣೀರಿಗೆ ಜುಮ್ಮೆಂದಿತು. ದರ್ಜಿ ಬಿಸಿನೀರು ಕುಡಿಯತೊಡಗಿದರು. ಬಿಸಿಗೂ ನೋಯತೊಡಗಿದಾಗ ಲವಂಗ ಒತ್ತಿದರು. ನೋವಿನ ಮಾತ್ರೆಯನ್ನು ನುಂಗುವ ಬದಲು ವಸಡಿಗೆ ಒತ್ತಿಟ್ಟುಕೊಂಡು, ಅಲ್ಲೊಂದು ಸುಟ್ಟ ಗಾಯವನ್ನೂ ಸಂಪಾದಿಸಿದರು. ಕೊನೆಗೆ ಮೇಲ್ದುಟಿ ಮೂಗಿನ ತನಕ ಬಾತುಕೊಂಡಾಗ, ಹೆಂಡತಿಯ ಬೈಗುಳ ತಾಳಲಾರದೆ ದಂತವೈದ್ಯೆಯ ಬಳಿ ಹೋದರು.

"ಹುಳುಕು ಒಳಗಿನ ನರಕ್ಕೆ ತಲುಪಿ, ಬೇರಿನ ತುದೀಲಿ ಕೀವು ಕಟ್ಟಿದೆ," ಎಂದರು ವೈದ್ಯೆ. "ಆದ್ರೂ ಕೀಳೋದು ಬೇಡ, ಉಳಿಸ್ಬಹುದು. ಇವತ್ತು ಒಳಗೆ ತೊಳೆದು, ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿದ್ದೀನಿ. ಮುಂದಿನ ವಾರ ಬಂದ್ರೆ ಬೇರಿನೊಳಗೆ ಪೂರ್ತಿ ತುಂಬ್ತೀನಿ, ಆಮೇಲೆ ಮೇಲೊಂದು ಕ್ಯಾಪ್. ಅಲ್ಲೀತನಕ ಆ ಹಲ್ಲಲ್ಲಿ ಏನೂ ಕಡೀಬೇಡಿ."

ದರ್ಜಿ ತಲೆಯಾಡಿಸಿದರು. ಬಾಯಿ ತುಂಬ ಹತ್ತಿಯಿದ್ದುದರಿಂದ ವಾದಿಸಲು ಆಗಲಿಲ್ಲ.

ಮೂರನೆಯ ದಿನಕ್ಕೆ ನೋವು ಮಾಯ. ನೋವೇ ಇಲ್ಲದ ಮೇಲೆ ರೋಗವೆಲ್ಲಿಯದು? "ಒಂದೇ ಸಲಕ್ಕೆ ವಾಸಿ ಮಾಡ್ಕೊಂಡು ಬಂದೆ. ಇನ್ನೆರಡು ಸಲ ಹೋಗೋಕೆ ನನಗೇನು ಹುಚ್ಚಾ?" ಎಂದು ಪಕ್ಕದ ಚಪ್ಪಲಿ ಅಂಗಡಿಯವನ ಮುಂದೆ ಮೀಸೆ ತಿರುವಿದರು. ಮಾರನೆಯ ದಿನವೇ ಬಟ್ಟೆ ಮತ್ತೆ ಬಾಯಿಗೆ ಬಂತು.

"ಅಲ್ಲಾ ರೀ, ಕಚ್ಚಾ ಹೊಲಿಗೆ ಹಾಕಿರೋ ಕೋಟನ್ನ ಗಿರಾಕಿ ಹಾಗೇ ಹಾಕ್ಕೊಂಡು ಹೊರಟ್ರೆ ಬಿಡ್ತೀರಾ?" ಎಂದು ಹೆಂಡತಿ ಕೇಳಿದಳು.

"ಕೋಟೇ ಬೇರೆ, ಹಲ್ಲೇ ಬೇರೆ. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡ."

ಹಿಂದಿನ ವಾರವಷ್ಟೇ, ಟ್ರಯಲ್‌ಗೆಂದು ತೊಟ್ಟ ಕೋಟನ್ನು ಕಳಚಲೊಲ್ಲದ ಅವಸರದ ಗಿರಾಕಿಗೆ ಅರ್ಧ ಗಂಟೆ ಉಪದೇಶ ಮಾಡಿದವರು ಇದೇ ಮಹಾಶಯರು.

ನಾಲ್ಕು ತಿಂಗಳು ಕಳೆದವು. ವೈದ್ಯೆಯ ಕಡೆಯಿಂದ ಎರಡು ಸಲ ಫೋನ್ ಬಂತು. ಎರಡು ಸಲವೂ ದರ್ಜಿ ಎದುರಿಗೇ ಕೂತು, ಊರಲ್ಲಿಲ್ಲವೆಂದು ಹೆಂಡತಿಯಿಂದ ಹೇಳಿಸಿದರು. ಆಮೇಲೊಂದು ಮಧ್ಯಾಹ್ನ, ದಪ್ಪ ಕೋಟಿನ ಗುಂಡಿಗೆ ಹಾಕಿದ್ದ ಜೋಡಿ ಎಳೆಯನ್ನು ಗಿರಾಕಿಯ ಎದುರೇ ಗತ್ತಿನಿಂದ ಕಡಿದರು. ಟಕ್ಕೆಂದಿತು. ದಾರ ಮಾತ್ರ ಹಾಗೇ ಇತ್ತು.

ಬಾಯಿಗೆ ಕರವಸ್ತ್ರ ಒತ್ತಿಕೊಂಡು ಓಡಿದರು. ವೈದ್ಯೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹಲ್ಲಿನ ಬೇರೇ ಉದ್ದಕ್ಕೆ ಸೀಳಿದೆ. ಇನ್ನು ಕೀಳ್ಬೇಕು, ಬೇರೆ ದಾರಿಯಿಲ್ಲ."

ಮೂವತ್ತು ವರ್ಷ ಮೆರೆಸಿದ ಹಲ್ಲು. ಉಳಿಸಿಕೊಳ್ಳಲು ಬೇಕಾಗಿದ್ದದ್ದು ಎರಡು ಸಲದ ಓಡಾಟ. ದರ್ಜಿಯ ಜಂಬವೆಲ್ಲ ಇಳಿದು ಕಣ್ಣು ಒದ್ದೆಯಾಯಿತು.

"ಹೇಗಾದ್ರೂ ಮಾಡಿ ಉಳಿಸ್ಕೊಡಿ, ಮೇಡಂ. ಈ ಸಲ ನೀವು ಹೇಳಿದ ದಿನ ತಪ್ಪದೆ ಬರ್ತೀನಿ."

"ನಾನು ಹೇಳಿದ ದಿನ ಹೋಗಿ ನಾಲ್ಕು ತಿಂಗಳಾಯ್ತು," ಎಂದು ವೈದ್ಯೆ ಮರಗಟ್ಟಿಸುವ ಸೂಜಿಯನ್ನು ಕೈಗೆತ್ತಿಕೊಂಡರು. "ಬಾಯಿ ತೆಗೀರಿ."